ವೈದ್ಯರು ಬೇಕಾಗಿದ್ದಾರೆ, ಸಂಬಳ ಮಾತ್ರ ಕೇಳಬೇಡಿ

ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳ ಆಸ್ಪತ್ರೆ ಎಂದರೆ ಈಗ ಮೆಡಿಕಲ್ ಶಾಪ್ ಪಕ್ಕದ ಒಂದು ಕೋಣೆಯಷ್ಟೇ ಅಲ್ಲ. ಗಾಜಿನ ಬಾಗಿಲು, ಎ.ಸಿ., ಕಾಯುವವರಿಗೆ ಸೋಫಾ, ಬೆಕ್ಕಿಗೆ ಬೇರೆ ನಾಯಿಗೆ ಬೇರೆ ಕೂರುವ ಜಾಗ, ಮೊಬೈಲ್‌ನಲ್ಲೇ ಅಪಾಯಿಂಟ್‌ಮೆಂಟ್. ವೆಟಿಕ್, ಸೂಪರ್‌ಟೇಲ್ಸ್ ತರಹದ, ಹೂಡಿಕೆದಾರರ ಹಣ ಬೆನ್ನಿಗಿರುವ ಕಂಪನಿಗಳೂ ಇಲ್ಲಿ ಕ್ಲಿನಿಕ್ ತೆರೆದಿವೆ. ಕಟ್ಟಡ, ಎಕ್ಸ್‌ರೇ ಯಂತ್ರ, ಆ್ಯಪ್ ಎಲ್ಲವನ್ನೂ ದುಡ್ಡಿದ್ದರೆ ಕೆಲವೇ ತಿಂಗಳಲ್ಲಿ ತರಬಹುದು. ಆದರೆ ಒಳಗೆ ಕೂರುವ ಪಶುವೈದ್ಯರು ತಯಾರಾಗಲು ಐದೂವರೆ ವರ್ಷ ಬೇಕು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ. ಕಾಲೇಜುಗಳೂ ಬೆರಳೆಣಿಕೆಯಷ್ಟು. 1958ರಲ್ಲಿ ಹೆಬ್ಬಾಳದಲ್ಲಿ ಶುರುವಾದದ್ದು, ಆಮೇಲೆ ಬೀದರ್, ಶಿವಮೊಗ್ಗ, ಹಾಸನ ಮುಂತಾದ ಕಡೆ ಬಂದವು. ಹೀಗಾಗಿ ಒಂದು ಹೊಸ ಕ್ಲಿನಿಕ್‌ಗೆ ಗಿರಾಕಿ ಹುಡುಕುವುದಕ್ಕಿಂತ ವೈದ್ಯರನ್ನು ಹುಡುಕುವುದೇ ದೊಡ್ಡ ತಲೆನೋವು.

ಈ ಹುಡುಕಾಟಕ್ಕೆ ಮಾರ್ಕೆಟಿಂಗ್‌ನವರು ಇಟ್ಟಿರುವ ಹೆಸರು ಎಂಪ್ಲಾಯರ್ ಬ್ರ್ಯಾಂಡಿಂಗ್. ಸೋಪು, ಶಾಂಪೂವನ್ನು ಗಿರಾಕಿಗೆ ಮಾರುವ ಹಾಗೆ ಕೆಲಸವನ್ನು ಕೆಲಸ ಹುಡುಕುವವರಿಗೆ ಮಾರುವುದು. ಎಂಜಿನಿಯರಿಂಗ್ ಕಾಲೇಜುಗಳಲ್ಲಿರುವ ನಮಗೆ ಇದೇನೂ ಹೊಸದಲ್ಲ. ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಪ್ರತಿ ಕಂಪನಿಯ ಭಾಷಣದಲ್ಲೂ ಅವೇ ಸ್ಲೈಡುಗಳು: ಬೀನ್ ಬ್ಯಾಗ್, ಟೇಬಲ್ ಟೆನಿಸ್, ನಗುವ ನಾಲ್ಕು ಮುಖಗಳು. 'ಸಿಟಿಸಿ ಸರಿ ಸರ್, ಕೈಗೆ ಎಷ್ಟು ಬರುತ್ತೆ?' ಎಂದು ಹಿಂದಿನ ಬೆಂಚಿನವನು ಕೇಳಿದರೆ 'ಗುಡ್ ಕ್ವೆಶ್ಚನ್' ಎಂದು ಹೇಳಿ ಮುಂದಿನ ಸ್ಲೈಡ್ ಒತ್ತುತ್ತಾರೆ. ಸೀನಿಯರ್‌ಗಳ ಅನುಭವ ಕೇಳಿ ಕೇಳಿ ನಾವು ಇದನ್ನೆಲ್ಲ ಅರ್ಧ ನಂಬುವುದನ್ನು ಕಲಿತಿದ್ದೇವೆ. ಪಶುವೈದ್ಯಕೀಯ ಓದುವವರು ಈ ಆಟಕ್ಕೆ ಹೊಸಬರು. ಅವರ ಪಾಲಿಗೆ ಕೆಲಸ ಎಂದರೆ ಹೆಚ್ಚಾಗಿ ಪಶುಸಂಗೋಪನಾ ಇಲಾಖೆ, ಹಾಲು ಒಕ್ಕೂಟ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ, ಇಲ್ಲವೇ ಮುಂದಿನ ಓದು. ಈಗ ಅವರ ಇನ್‌ಸ್ಟಾಗ್ರಾಂಗೂ ನಗುವ ನಾಲ್ಕು ಮುಖಗಳು, ಜೊತೆಗೊಂದು ಲ್ಯಾಬ್ರಡಾರ್, ಬಂದು ಕೂತಿವೆ.

ನಾನು ಓದುತ್ತಿರುವುದು ಇನ್ಫರ್ಮೇಶನ್ ಸೈನ್ಸ್. ಪಶುವೈದ್ಯಕೀಯಕ್ಕೂ ನನಗೂ ಸಂಬಂಧ ಬಂದದ್ದು ಕಳೆದ ರಜೆಯ ಇಂಟರ್ನ್‌ಶಿಪ್‌ನಿಂದ. ಬೆಂಗಳೂರಿನ ಒಂದು ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಕಚೇರಿಯಲ್ಲಿ ನನಗೆ ಕೊಟ್ಟ ಕೆಲಸ, ಒಂದು ಸಾಕುಪ್ರಾಣಿ ಆಸ್ಪತ್ರೆಯ ವೆಬ್‌ಸೈಟಿಗೆ 'ನಮ್ಮೊಂದಿಗೆ ಕೆಲಸ ಮಾಡಿ' ಎಂಬ ಪುಟ ಮಾಡಿಕೊಡುವುದು. ಅವರು ಕಳಿಸಿದ ಪಠ್ಯದಲ್ಲಿ ಪ್ಯಾಶನ್ ಇತ್ತು, ಕುಟುಂಬದಂಥ ವಾತಾವರಣ ಇತ್ತು, 'ಉದ್ಯಮದಲ್ಲೇ ಉತ್ತಮ ಸಂಬಳ' ಇತ್ತು. ಎಷ್ಟು ಸಂಬಳ ಎಂಬುದು ಇರಲಿಲ್ಲ. ವಾರಕ್ಕೆ ಎಷ್ಟು ದಿನ, ರಾತ್ರಿ ಪಾಳಿ ಇದೆಯೇ, ಈಗಾಗಲೇ ಎಷ್ಟು ಜನ ವೈದ್ಯರಿದ್ದಾರೆ, ಯಾವುದೂ ಇರಲಿಲ್ಲ. ನಾನು ಕೇಳಿದಾಗ ನಮ್ಮ ಮ್ಯಾನೇಜರ್, 'ಅದನ್ನೆಲ್ಲ ಇಂಟರ್‌ವ್ಯೂನಲ್ಲಿ ಮಾತಾಡ್ಕೋತಾರಮ್ಮ, ನೀನು ಬಣ್ಣ ನೋಡು' ಅಂದರು. ಬಣ್ಣ ನೋಡಿದೆ. ಪುಟ ಚೆನ್ನಾಗಿಯೇ ಬಂತು. ಇನ್‌ಸ್ಟಾಗ್ರಾಂನಲ್ಲಿ ಅದಕ್ಕೆ ಹಾಕಿದ ಜಾಹೀರಾತಿಗೆ ಲೈಕುಗಳೂ ಬಂದವು. ಆದರೆ ಲೈಕ್ ಮಾಡಿದವರೆಲ್ಲ ನಾಯಿ ಸಾಕಿದವರು. ಕಾಮೆಂಟಿನಲ್ಲಿ ಒಬ್ಬರು 'ಗ್ರೂಮಿಂಗ್‌ಗೆ ಎಷ್ಟು?' ಎಂದು ಕೇಳಿದ್ದರು. ವೈದ್ಯರ ಅರ್ಜಿಗಳನ್ನು ಎಣಿಸಲು ಒಂದು ಕೈ ಬೆರಳು ಸಾಕಾಗಿತ್ತು.

ಆ ವಾರ ನಮ್ಮ ದೊಡ್ಡಪ್ಪನ ಮಗಳು, ಪಶುವೈದ್ಯಕೀಯ ಇಂಟರ್ನ್‌ಶಿಪ್‌ನಲ್ಲಿರುವ ಅಕ್ಕನಿಗೆ ಪುಟದ ಲಿಂಕ್ ಕಳಿಸಿ 'ಹೇಗಿದೆ?' ಎಂದು ಕೇಳಿದೆ. ಫೋನ್ ಮಾಡಿದಳು. 'ಸಂಬಳದ್ದು ಆಮೇಲಿನ ಮಾತು ಕಣೇ. ನಾನು ಮೊದಲನೇ ಸಲ ಒಂದು ನಾಯಿಗೆ ಸಿಸೇರಿಯನ್ ಮಾಡುವಾಗ ಪಕ್ಕದಲ್ಲಿ ಯಾರಿರ್ತಾರೆ? ಅದು ಇದರಲ್ಲಿ ಎಲ್ಲಿದೆ?' ಅಂದಳು. ಆಮೇಲೆ ಇನ್ನೂ ಕೇಳಿದಳು. ಅರಿವಳಿಕೆ ಕೊಡಲು ಬೇರೆಯವರಿದ್ದಾರಾ ಅಥವಾ ಕೊಯ್ಯುವವರೇ ಅದನ್ನೂ ನೋಡಬೇಕಾ? ದಿನಕ್ಕೆ ಎಷ್ಟು ಕೇಸು? ನಾಯಿ ಸತ್ತು ಮಾಲೀಕರು ಗಲಾಟೆಗೆ ನಿಂತರೆ ಎದುರಿಗೆ ಹೋಗಿ ಮಾತಾಡುವವರು ಯಾರು? ಬಾಂಡ್ ಇದೆಯಾ? ನಾನು ಹದಿನೈದು ದಿನ ಕೂತು ಮಾಡಿದ ಪುಟದಲ್ಲಿ ಅವಳ ಒಂದು ಪ್ರಶ್ನೆಗೂ ಉತ್ತರ ಇರಲಿಲ್ಲ. ಪ್ರಾಣಿಪ್ರೀತಿ ಇದೆಯೇ ಎಂದು ಮಾತ್ರ ಅದು ಅವಳನ್ನು ಕೇಳುತ್ತಿತ್ತು. ಐದು ವರ್ಷ ಕೊಟ್ಟಿಗೆಯಲ್ಲಿ, ಶವಪರೀಕ್ಷೆ ಕೋಣೆಯಲ್ಲಿ ಕಳೆದವಳನ್ನು ಆ ಪ್ರಶ್ನೆ ಕೇಳುವುದು ನನಗೆ ಸ್ವಲ್ಪ ತಮಾಷೆಯಾಗಿ ಕಂಡಿತು.

'ಎಂಪ್ಲಾಯರ್ ಬ್ರ್ಯಾಂಡ್' ಎಂಬ ಮಾತನ್ನು ಚಲಾವಣೆಗೆ ತಂದವರಲ್ಲಿ ಪ್ರಮುಖರು ಬ್ರಿಟನ್ನಿನ ಟಿಮ್ ಆಂಬ್ಲರ್ ಮತ್ತು ಸೈಮನ್ ಬ್ಯಾರೊ. 1996ರಲ್ಲಿ ಇಬ್ಬರೂ ಸೇರಿ ಆ ಹೆಸರಿನ ಲೇಖನ ಬರೆದರು. ಒಂದು ಕೆಲಸ ಕೊಡುವ ಉಪಯೋಗ, ಹಣ ಮತ್ತು ಮನಸ್ಸಿಗೆ ಸಿಗುವ ತೃಪ್ತಿ ಈ ಮೂರೂ ಸೇರಿದ ಕಟ್ಟೇ ಬ್ರ್ಯಾಂಡ್ ಎಂಬುದು ಅವರ ವಿವರಣೆ. ಗಮನಿಸಿ, ಲೋಗೊ ಅಲ್ಲ, ಪೋಸ್ಟರ್ ಅಲ್ಲ. ಕೆಲಸದ ಒಳಗೆ ಏನಿದೆಯೋ ಅದು. ಸುಮಾರು 30 ವರ್ಷಗಳಲ್ಲಿ ಈ ಮಾತು ಹೇಗೆ ಬೆಳೆಯಿತೆಂದರೆ ಈಗ ಒಳಗಿನದನ್ನು ಬಿಟ್ಟು ಹೊರಗಿನದೇ ಬ್ರ್ಯಾಂಡ್ ಆಗಿದೆ.

ಅದು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ನೋಡಲು ಬ್ರಿಟನ್ನನ್ನೇ ನೋಡಬೇಕು. 2013ರಲ್ಲಿ ಅಲ್ಲಿನ ಪಶುಚಿಕಿತ್ಸಾಲಯಗಳಲ್ಲಿ ದೊಡ್ಡ ಕಂಪನಿಗಳ ಕೈಯಲ್ಲಿದ್ದದ್ದು ಶೇ 10ರಷ್ಟು ಮಾತ್ರ. ಉಳಿದವು ಒಬ್ಬಿಬ್ಬರು ವೈದ್ಯರು ಸೇರಿ ನಡೆಸುವ ಊರ ಆಸ್ಪತ್ರೆಗಳು. 2021ರ ಹೊತ್ತಿಗೆ ಕಂಪನಿಗಳ ಪಾಲು ಶೇ 60ರ ಹತ್ತಿರ ಬಂತು. ಐವಿಸಿ, ಸಿವಿಎಸ್, ಲಿನ್ನೇಯಸ್, ಮೆಡಿವೆಟ್, ಪೆಟ್ಸ್ ಅಟ್ ಹೋಮ್, ವೆಟ್‌ಪಾರ್ಟ್‌ನರ್ಸ್ ಎಂಬ ಆರು ಗುಂಪುಗಳು ದೊಡ್ಡವು. ಇವುಗಳಲ್ಲಿ ಲಿನ್ನೇಯಸ್‌ನ ಒಡೆತನ ಮಾರ್ಸ್ ಕಂಪನಿಯದು. ಹೌದು, ಅದೇ ಸ್ನಿಕರ್ಸ್ ಚಾಕಲೇಟಿನ ಮಾರ್ಸ್. ಪೆಡಿಗ್ರಿ ನಾಯಿ ಆಹಾರವೂ ಅವರದೇ. ಅಮೆರಿಕದ ವಿಸಿಎ ಆಸ್ಪತ್ರೆಗಳ ಸರಪಳಿಯನ್ನು 2017ರಲ್ಲಿ ಸುಮಾರು 910 ಕೋಟಿ ಡಾಲರ್‌ಗೆ ಕೊಂಡವರೂ ಅವರೇ.

ಇದೇ ಹೊತ್ತಿಗೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂತು. ಸ್ಪೇನ್, ರುಮೇನಿಯಾ ಮುಂತಾದ ಕಡೆಯಿಂದ ಬರುತ್ತಿದ್ದ ಪಶುವೈದ್ಯರು ಕಡಿಮೆಯಾದರು. ಒಕ್ಕೂಟದ ದೇಶಗಳಿಂದ ಬಂದು ಹೊಸದಾಗಿ ನೋಂದಾಯಿಸಿಕೊಂಡವರು 2019ರಲ್ಲಿ 1,132 ಜನ, 2021ರಲ್ಲಿ ಬರೀ 364. ಆ ನಡುವೆ ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ನಾಯಿಮರಿ ಕೊಂಡರು. ರೋಗಿಗಳು ಹೆಚ್ಚಾದರು, ವೈದ್ಯರು ಕಡಿಮೆಯಾದರು. ಕಂಪನಿಗಳ ನಡುವೆ ಹೊಸ ಪದವೀಧರರಿಗಾಗಿ ಪೈಪೋಟಿ ಜೋರಾಯಿತು. ಅಲ್ಲಿನ ವೃತ್ತಿ ನಿಯಮದ ಪ್ರಕಾರ ಪ್ರಾಣಿಗಳಿಗೆ ದಿನದ 24 ಗಂಟೆಯೂ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಆದ್ದರಿಂದ ರಾತ್ರಿ ಕೇಸುಗಳನ್ನು ಬೇರೊಂದು ಸಂಸ್ಥೆಗೆ ಒಪ್ಪಿಸಿ, 'ನಮ್ಮಲ್ಲಿ ರಾತ್ರಿ ಪಾಳಿ ಇಲ್ಲ' ಎಂದು ದಪ್ಪಕ್ಷರದಲ್ಲಿ ಜಾಹೀರಾತು ಕೊಡುವ ಕ್ಲಿನಿಕ್‌ಗಳು ಬಂದವು. ವಾರಕ್ಕೆ ನಾಲ್ಕು ದಿನ ಕೆಲಸ, ಹೊಸಬರಿಗೆ ತರಬೇತಿ ಅಕಾಡೆಮಿ, ಹೀಗೆ. ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಬದಲಾವಣೆಗಳೇ. ವೈದ್ಯರ ಕೊರತೆ ಇರದಿದ್ದರೆ ಇವು ಬರುತ್ತಿದ್ದವೋ ಇಲ್ಲವೋ.

ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಅಲ್ಲಿನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ ಸಿಎಂಎ 2023ರ ಸೆಪ್ಟೆಂಬರ್‌ನಲ್ಲಿ ಈ ಇಡೀ ಕ್ಷೇತ್ರದ ಪರಿಶೀಲನೆಗೆ ಇಳಿಯಿತು. ಆರು ದೊಡ್ಡ ಗುಂಪುಗಳಲ್ಲಿ ನಾಲ್ಕು, ಒಂದು ಊರ ಆಸ್ಪತ್ರೆಯನ್ನು ಕೊಂಡ ಮೇಲೂ ಹಳೆಯ ಹೆಸರು, ಹಳೆಯ ಬೋರ್ಡನ್ನು ಬದಲಿಸುವುದಿಲ್ಲ ಎಂಬುದು ಅದರ ಗಮನಕ್ಕೆ ಬಂದ ಒಂದು ಅಂಶ. ಅಂದರೆ ನಾಯಿ ಹಿಡಿದುಕೊಂಡು ಬರುವ ಮುದುಕಮ್ಮನಿಗೆ ಅದು ಇನ್ನೂ ಹಳೆಯ ಡಾಕ್ಟರರ ಆಸ್ಪತ್ರೆ. ಆ ಬೀದಿಯಲ್ಲಿ ಬೇಡವೆಂದು ಬಿಟ್ಟು ಮುಂದಿನ ಬೀದಿಗೆ ಹೋದರೆ ಅಲ್ಲಿಯೂ ಅದೇ ಕಂಪನಿ ಇರಬಹುದು, ಆಕೆಗೆ ಗೊತ್ತಾಗುವುದಿಲ್ಲ. ಅದೇ ಕಂಪನಿ ಹೊಸ ಪದವೀಧರರನ್ನು ಕರೆಯುವಾಗ ಮಾತ್ರ ತನ್ನ ದೊಡ್ಡ ಹೆಸರು, ದೇಶದ ತುಂಬ ಇರುವ ಶಾಖೆಗಳು, ಅಕಾಡೆಮಿ ಎಲ್ಲವನ್ನೂ ಮುಂದಿಡುತ್ತದೆ. ಗಿರಾಕಿಗೆ 'ನಾವು ಚಿಕ್ಕವರು', ಕೆಲಸಗಾರರಿಗೆ 'ನಾವು ದೊಡ್ಡವರು'. ಎರಡೂ ಬ್ರ್ಯಾಂಡಿಂಗ್ ಲೆಕ್ಕದಲ್ಲಿ ಸರಿ. 2025ರ ಅಕ್ಟೋಬರ್‌ನಲ್ಲಿ ಬಂದ ತಾತ್ಕಾಲಿಕ ತೀರ್ಮಾನದಲ್ಲಿ ಸಿಎಂಎ, 2016ರಿಂದ 2023ರ ನಡುವೆ ಚಿಕಿತ್ಸೆಯ ದರ ಶೇ 63ರಷ್ಟು ಏರಿದೆ ಎಂದಿತು. ಆಸ್ಪತ್ರೆಗಳು ದರಪಟ್ಟಿ ಪ್ರಕಟಿಸಬೇಕು, ಯಾವ ಗುಂಪಿಗೆ ಸೇರಿದ್ದು ಎಂದು ಸ್ಪಷ್ಟವಾಗಿ ಹೇಳಬೇಕು ಎಂಬ ಪ್ರಸ್ತಾವವೂ ಅದರಲ್ಲಿತ್ತು. ದರ ಏರಿದಾಗ ಕೌಂಟರಿನಲ್ಲಿ ಮಾಲೀಕರ ಸಿಟ್ಟನ್ನು ಎದುರಿಸುವವರು ಹೂಡಿಕೆದಾರರಲ್ಲ, ಸಂಬಳಕ್ಕಿರುವ ವೈದ್ಯರು. ನಾಳೆ ಬೆಂಗಳೂರಿನಲ್ಲೂ ಹೀಗೆಯೇ ಆಗುತ್ತದೆ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಕ್ಲಿನಿಕ್ ಸೇರುವವರು 'ಇದರ ಒಡೆಯರು ಯಾರು?' ಎಂದು ಕೇಳುವುದು ಇಲ್ಲೂ ಒಳ್ಳೆಯದು.

ಈಗ ನಮ್ಮ ರಾಜ್ಯದಲ್ಲಿ ಪಶುವೈದ್ಯರನ್ನು ಸೆಳೆಯುವ ಅತ್ಯಂತ ಯಶಸ್ವಿ ಜಾಹೀರಾತು ಯಾವುದು ಎಂದು ಕೇಳಿದರೆ ನನ್ನ ಉತ್ತರ, ಕೆಪಿಎಸ್‌ಸಿ ಅಧಿಸೂಚನೆ. ನಗಬೇಡಿ. 2024ರಲ್ಲಿ ಹಿಂಬಾಕಿ ಸೇರಿ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅದು ಅರ್ಜಿ ಕರೆದಿತ್ತು. ಫೋಟೊ ಇಲ್ಲ, ಬಣ್ಣ ಇಲ್ಲ, ಪ್ಯಾಶನ್ ಎಂಬ ಪದ ಇಲ್ಲ. ಪುಟಗಟ್ಟಲೆ ಸಣ್ಣಕ್ಷರ. ಆದರೆ ಹುದ್ದೆ ಎಷ್ಟು, ಯಾವ ವರ್ಗಕ್ಕೆ ಎಷ್ಟು, ವಯಸ್ಸೆಷ್ಟು, ಪರೀಕ್ಷೆ ಹೇಗೆ ಎಲ್ಲ ಇದೆ. ವೇತನ ಶ್ರೇಣಿ 52 ಸಾವಿರ ಚಿಲ್ಲರೆಯಿಂದ 97 ಸಾವಿರ ಚಿಲ್ಲರೆಯವರೆಗೆ ಎಂದು ಅಚ್ಚಾಗಿದೆ. ಖಾಸಗಿಯವರು ಮುಚ್ಚಿಡುವುದನ್ನೆಲ್ಲ ಸರ್ಕಾರ ಬೇಸರ ಬರುವಷ್ಟು ಬಿಡಿಸಿ ಹೇಳುತ್ತದೆ. ಅಕ್ಕನ ಹಾಸ್ಟೆಲ್‌ನಲ್ಲಿ ಆ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದಷ್ಟು ಯಾವ ಕ್ಲಿನಿಕ್‌ನ ರೀಲ್ಸೂ ಓಡಾಡಿಲ್ಲವಂತೆ. ಜನ ಸರ್ಕಾರಿ ಕೆಲಸಕ್ಕೆ ಮುಗಿಬೀಳುವುದು ಭದ್ರತೆಗಾಗಿ ಎನ್ನುತ್ತೇವೆ, ನಿಜ. ಆದರೆ ಆ ಭದ್ರತೆಯ ಅರ್ಧ ಭಾಗ, ಸೇರುವ ಮೊದಲೇ ಎಲ್ಲ ಗೊತ್ತಿರುವುದರಲ್ಲಿದೆ ಎಂದು ನನಗನಿಸುತ್ತದೆ.

ಹಾಗಂತ ಅದು ಪೂರ್ತಿ ಪ್ರಾಮಾಣಿಕ ಜಾಹೀರಾತು ಎಂದೂ ಹೇಳಲಾರೆ. ಅಧಿಸೂಚನೆಯಿಂದ ನೇಮಕಾತಿ ಆದೇಶ ಕೈಗೆ ಬರುವವರೆಗೆ ಎಷ್ಟು ಕಾಲ ಕಾಯಬೇಕು ಎಂಬುದು ಅದರ ಯಾವ ಪುಟದಲ್ಲೂ ಇರುವುದಿಲ್ಲ. ಊರಿನ ಪಶು ಆಸ್ಪತ್ರೆಯಲ್ಲಿ ಸಹಾಯಕರು ಇರುತ್ತಾರೋ ಇಲ್ಲವೋ, ಒಬ್ಬರೇ ಎಷ್ಟು ಹಳ್ಳಿ ಸುತ್ತಬೇಕು ಎಂಬುದೂ ಇರುವುದಿಲ್ಲ. 5 ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯರಿರಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿರುವ ಜಾನುವಾರು 53 ಕೋಟಿಗೂ ಹೆಚ್ಚು. ನಮ್ಮ ಊರಿನಲ್ಲಿ ಎಮ್ಮೆ ಕರು ಹಾಕಲು ಒದ್ದಾಡುವಾಗ 1962ಕ್ಕೆ ಫೋನ್ ಮಾಡಿ ಸಂಚಾರಿ ವಾಹನಕ್ಕೆ ಕಾಯುವವರಿಗೆ ಬೆಂಗಳೂರಿನ ಎ.ಸಿ. ಕ್ಲಿನಿಕ್‌ನಿಂದ ಆಗಬೇಕಾದ್ದು ಏನೂ ಇಲ್ಲ. ಅಕ್ಕನ ಬ್ಯಾಚಿನ ಒಬ್ಬೊಬ್ಬರು ಎಲ್ಲಿಗೆ ಹೋಗುತ್ತಾರೆ ಎಂಬುದರ ಮೇಲೆ ಆ ಎಮ್ಮೆಯ ಹಣೆಬರಹ ನಿಂತಿದೆ. ಖಾಸಗಿಯವರ ಜಾಹೀರಾತನ್ನು ಮಾತ್ರ ಬೈದು ಸರ್ಕಾರವನ್ನು ಬಿಟ್ಟುಬಿಟ್ಟರೆ ಈ ಕಡೆಯ ಲೆಕ್ಕ ತಪ್ಪುತ್ತದೆ.

ಬಾಂಡ್ ವಿಷಯಕ್ಕೆ ಬರುತ್ತೇನೆ, ಇದು ನಮ್ಮೆಲ್ಲರಿಗೂ ಬೇಕಾದದ್ದು. ಅಮೆರಿಕದಲ್ಲಿ ಪಶುವೈದ್ಯರಿಗೆ ಸೇರುವಾಗಲೇ ಬೋನಸ್ ಕೊಡುವ ರೂಢಿ ಇದೆ. ಕೇಳಲು ಚೆನ್ನ. ಆದರೆ ಹೇಳಿದ ಅವಧಿಗೆ ಮೊದಲೇ ಬಿಟ್ಟರೆ ಹಣ ವಾಪಸ್ ಕೊಡಬೇಕು ಎಂಬ ಷರತ್ತು ಅದರ ಬಾಲಕ್ಕೆ ಕಟ್ಟಿರುತ್ತದೆ. ಕೆಲಸ ಬಿಟ್ಟ ಮೇಲೂ ಇಷ್ಟು ಮೈಲಿ ಸುತ್ತಳತೆಯಲ್ಲಿ ಬೇರೆ ಕಡೆ ಕೆಲಸ ಮಾಡಬಾರದು ಎಂಬ ಕರಾರೂ ಹಲವೆಡೆ ಇದೆ. ಇಂಥ ಕರಾರುಗಳನ್ನು ನಿಷೇಧಿಸಲು ಅಲ್ಲಿನ ವ್ಯಾಪಾರ ಆಯೋಗ 2024ರ ಏಪ್ರಿಲ್‌ನಲ್ಲಿ ನಿಯಮ ತಂದಿತು, ಆಗಸ್ಟ್‌ನಲ್ಲಿ ಟೆಕ್ಸಸ್‌ನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮಲ್ಲಿ ಕೆಲಸ ಬಿಟ್ಟ ಮೇಲೆ ಕಟ್ಟಿಹಾಕುವ ಕರಾರಿಗೆ 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ. ಆದರೆ ಕೆಲಸದ ಅವಧಿಗೆ ಸಂಬಂಧಿಸಿದ ಬಾಂಡ್ ಬೇರೆ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತು ಸರಿಯೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅದಕ್ಕೂ ಮೊದಲು ನಮ್ಮ ಹೈಕೋರ್ಟ್ ನೌಕರನ ಪರ ತೀರ್ಪು ಕೊಟ್ಟಿತ್ತು. ಅದು ಪರೀಕ್ಷೆ ನಡೆಸಿ ನೇಮಕ ಮಾಡುವ ಸರ್ಕಾರಿ ಬ್ಯಾಂಕು, ನೇಮಕದ ಖರ್ಚು ಅದಕ್ಕೆ ಇದೆ ಎಂಬುದು ನ್ಯಾಯಾಲಯದ ಲೆಕ್ಕದಲ್ಲಿತ್ತು. ಎಲ್ಲ ಸಣ್ಣ ಕಂಪನಿ, ಕ್ಲಿನಿಕ್‌ಗಳ ಬಾಂಡಿಗೂ ಅದೇ ತೀರ್ಪು ಹಾಗೇ ಅನ್ವಯಿಸುತ್ತದೆ ಎಂದೇನಿಲ್ಲ. 'ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡು ಮಗಾ' ಎಂದು ಕ್ಯಾಂಟೀನಿನಲ್ಲಿ ಹೇಳುವವರ ಮಾತು ನಂಬಿ ಸಹಿ ಹಾಕುವ ಕಾಲ ಮಾತ್ರ ಮುಗಿಯಿತು.

ಕ್ಲಿನಿಕ್ ನಡೆಸುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸಂಬಳ ಬರೆದರೆ ಪಕ್ಕದ ಕ್ಲಿನಿಕ್‌ನವರು ಅದಕ್ಕಿಂತ ಎರಡು ಸಾವಿರ ಹೆಚ್ಚು ಬರೆಯುತ್ತಾರೆ, ಈಗಾಗಲೇ ಒಳಗಿರುವ ವೈದ್ಯರು 'ಹೊಸಬರಿಗೆ ಅಷ್ಟಾದರೆ ನನಗೆಷ್ಟು?' ಎಂದು ಕೇಳುತ್ತಾರೆ ಎಂಬ ಭಯ ಅವರಿಗಿದೆ. ಭಯ ಸುಳ್ಳಲ್ಲ. ಆದರೆ ಆ ಎರಡನೇ ಪ್ರಶ್ನೆ ನ್ಯಾಯದ ಪ್ರಶ್ನೆಯೇ ಅಲ್ಲವೇ? ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಹಾಕುವುದು 2021ರಿಂದ ಕಡ್ಡಾಯ. ಕೆಲಸಕ್ಕೆ ಕರೆಯುವಾಗ ಸಂದರ್ಶನಕ್ಕೆ ಮೊದಲೇ ಸಂಬಳ ತಿಳಿಸಬೇಕೆಂಬ ನಿರ್ದೇಶನವನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದೆ. ಸದಸ್ಯ ದೇಶಗಳಿಗೆ ಅದನ್ನು ಜಾರಿಗೆ ತರಲು ಕೊಟ್ಟಿರುವ ಗಡುವು 2026ರ ಜೂನ್.

ಇಂಟರ್ನ್‌ಶಿಪ್‌ನ ಕೊನೆಯ ವಾರ ನಾನು ಅಕ್ಕನ ಪ್ರಶ್ನೆಗಳನ್ನೇ ತಲೆಬರಹ ಮಾಡಿ ಆ ಪುಟದ ಇನ್ನೊಂದು ಕರಡು ಬರೆದೆ. ತಿಂಗಳ ಸಂಬಳ, ವಾರದ ರಜೆ, ರಾತ್ರಿ ಪಾಳಿ ಎಷ್ಟು, ಮರುದಿನ ಬಿಡುವು ಇದೆಯೇ, ಮೊದಲ ಆರು ತಿಂಗಳು ಶಸ್ತ್ರಚಿಕಿತ್ಸೆಯಲ್ಲಿ ಜೊತೆಗಿರುವ ಹಿರಿಯ ವೈದ್ಯರು ಯಾರು, ಬಾಂಡ್ ಇದ್ದರೆ ಎಷ್ಟು, ಕಳೆದ ವರ್ಷ ಎಷ್ಟು ವೈದ್ಯರು ಬಿಟ್ಟುಹೋದರು. ಎದುರಿಗೆ ಖಾಲಿ ಜಾಗ ಬಿಟ್ಟು ಮ್ಯಾನೇಜರ್‌ಗೆ ಕೊಟ್ಟೆ. ಅವರು ಆಸ್ಪತ್ರೆಗೆ ಕಳಿಸಿದರು. ಎರಡು ದಿನ ಬಿಟ್ಟು ವಾಪಸ್ ಬಂದ ಕರಡಿನಲ್ಲಿ ರಜೆ ಮತ್ತು ರಾತ್ರಿ ಪಾಳಿಯ ಮುಂದೆ ಉತ್ತರ ತುಂಬಿದ್ದರು. ಹಿರಿಯ ವೈದ್ಯರ ಹೆಸರೂ ಇತ್ತು. ಸಂಬಳದ ಮುಂದೆ 'ನೆಗೋಷಿಯೇಬಲ್' ಎಂದಿತ್ತು. ಬಿಟ್ಟುಹೋದವರ ಸಾಲನ್ನು ಅಳಿಸಿದ್ದರು.

ಅಷ್ಟಾದರೂ ಸಿಕ್ಕಿದ್ದು ಕೇಳಿದ್ದರಿಂದ. ಮುಂದಿನ ಪ್ಲೇಸ್‌ಮೆಂಟ್ ಸೀಸನ್ ಬರುವುದರೊಳಗೆ ಇದೇ ತರಹದ ಹಾಳೆಯನ್ನು ನಮ್ಮ ಕಾಲೇಜಿಗೆ ಬರುವ ಕಂಪನಿಗಳಿಗೂ ಕಳಿಸಬಹುದೇ ಎಂದು ನಮ್ಮ ತರಗತಿಯವರು ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕೇಳಿದ್ದೇವೆ. 'ಕಂಪನಿಯವರು ಬೇಜಾರು ಮಾಡಿಕೊಂಡು ಬರೋದನ್ನೇ ಬಿಟ್ಟರೆ?' ಎಂದಿದ್ದಾರೆ. ಅಕ್ಕ ಮಾತ್ರ ತನ್ನ ಪ್ರಶ್ನೆಗಳನ್ನು ಈಗ ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟುಕೊಂಡು, ಅರ್ಜಿ ಹಾಕುವ ಪ್ರತಿ ಕ್ಲಿನಿಕ್‌ಗೂ ರೆಸ್ಯೂಮೆ ಜೊತೆಗೇ ಕಳಿಸುತ್ತಿದ್ದಾಳೆ. ಕೆಪಿಎಸ್‌ಸಿಯ ಮುಂದಿನ ಅಧಿಸೂಚನೆಗೂ ಕಾಯುತ್ತಿದ್ದಾಳೆ.